ವಾಪಸ್ ಬರೋ ದಾರಿ

ನೆಟ್‌ವರ್ಕ್ ಕೆಲಸ ಅಂದ್ರೆ ನಮ್ಮೂರಲ್ಲಿ ಇವತ್ತಿಗೂ ಕೇಬಲ್ ಎಳೆಯೋದು ಅಂತಲೇ ಲೆಕ್ಕ. ನಮ್ಮತ್ತೆ ಒಮ್ಮೆ, "ಹೆಂಗೂ ಬಂದಿದೀಯ, ಟೀವಿ ಬರ್ತಿಲ್ಲ, ಸ್ವಲ್ಪ ನೋಡೋ" ಅಂದಿದ್ರು :) ಬಿಡಿ. ನಿಜವಾಗಿ ನಾವು ಮಾಡೋದು ಡೇಟಾ ಸೆಂಟರಿನ ಸ್ವಿಚ್ಚುಗಳಿಗೆ ಒಂದೊಂದೇ ಸಾಲು ಆಜ್ಞೆ ಕೊಡೋದು, ಅದೂ ಊರೆಲ್ಲ ಮಲಗಿದ ಮೇಲೆ. ಆ ಕೆಲಸದಲ್ಲಿ ನನಗೆ ಬಹಳ ಇಷ್ಟವಾದ ಒಂದು ಸೌಕರ್ಯ ಇದೆ. ಅದರ ಮೇಲೆ ಒಂದು ತಕರಾರೂ ಇದೆ.

ಸಿಸ್ಕೋದ ನೆಕ್ಸಸ್ ಸ್ವಿಚ್ಚುಗಳಲ್ಲಿ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದ್ರೆ ಸಾಮಾನ್ಯವಾಗಿ ಆ ಕ್ಷಣಕ್ಕೇ ಜಾರಿ. ಅದಕ್ಕೇ ಕೆಲಸ ಶುರು ಮಾಡೋ ಮೊದಲು 'ಚೆಕ್‌ಪಾಯಿಂಟ್' ಅಂತ ಹೊಡೆದು ಒಂದು ಹೆಸರು ಕೊಡ್ತೀವಿ. ಆಗಿನ ಇಡೀ ಕಾನ್ಫಿಗರೇಶನ್ ಒಂದು ಕಡೆ ನಕಲಾಗಿ ಕೂರುತ್ತೆ. ಹೀಗೆ ಹತ್ತು ನಕಲು ಇಟ್ಕೋಬಹುದು. ಏನಾದ್ರೂ ಕೆಟ್ಟರೆ 'ರೋಲ್‌ಬ್ಯಾಕ್'. ಸ್ವಿಚ್ಚು ಆಗಿನದಕ್ಕೂ ಈಗಿನದಕ್ಕೂ ಇರೋ ವ್ಯತ್ಯಾಸ ಲೆಕ್ಕ ಹಾಕಿ, ತಾನೇ ಆಜ್ಞೆಗಳನ್ನ ಕಟ್ಟಿ ನಡೆಸುತ್ತೆ. ಆ ವ್ಯತ್ಯಾಸವನ್ನ ಮೊದಲೇ ತೆರೆದು ನೋಡಬಹುದು. ನೋಡಲೇಬೇಕು ಅಂತೀನಿ ನಾನು.

ರೋಲ್‌ಬ್ಯಾಕಿನಲ್ಲೂ ಮೂರು ಬಗೆ. ಅಟಾಮಿಕ್ ಅಂದ್ರೆ ಒಂದೇ ಒಂದು ತಪ್ಪೂ ಬರದಿದ್ರೆ ಮಾತ್ರ ಹಿಂದಕ್ಕೆ, ಇಲ್ಲಾಂದ್ರೆ ಇಲ್ಲ. ಏನೂ ಹೇಳದಿದ್ರೆ ಸ್ವಿಚ್ಚು ಇದನ್ನೇ ಹಿಡಿಯುತ್ತೆ. ಸ್ಟಾಪ್ ಅಟ್ ಫಸ್ಟ್ ಫೇಲ್ಯೂರ್ ಮೊದಲ ತಪ್ಪಿಗೇ ನಿಂತುಬಿಡುತ್ತೆ. ಬೆಸ್ಟ್ ಎಫರ್ಟ್ ತಪ್ಪಾದ ಸಾಲು ಬಿಟ್ಟು ಮುಂದೆ ಓಡುತ್ತೆ. ಕೊನೇದು ನನಗೆ ಸೇರಲ್ಲ. ಅರ್ಧ ಹಳೇದು ಅರ್ಧ ಹೊಸದು ಆದ ಸ್ವಿಚ್ಚನ್ನ ರಾತ್ರಿ ಮೂರು ಗಂಟೆಗೆ ಓದೋದು ಯಾರಿಗೂ ಬೇಡ.

ಈಗ ತಕರಾರು. ಕೆಲವು ವರ್ಷಗಳ ಹಿಂದೆ ಒಬ್ಬ ಗ್ರಾಹಕರ ಡೇಟಾ ಸೆಂಟರಿನಲ್ಲಿ ನಮ್ಮ ತಂಡದ ಹುಡುಗನೊಬ್ಬ ಟ್ರಂಕ್ ಪೋರ್ಟಿಗೆ ಹೊಸ ವಿಲಾನ್ ಸೇರಿಸ್ತಿದ್ದ. ಆ ಆಜ್ಞೆಯಲ್ಲಿ 'ಆ್ಯಡ್' ಅನ್ನೋ ಪದ ಬಿಟ್ಟರೆ ಇರೋ ಪಟ್ಟಿಗೆ ಸೇರಲ್ಲ, ಪಟ್ಟಿಯೇ ಹೋಗಿ ಹೊಸದೊಂದೇ ಉಳಿಯುತ್ತೆ. ಪದ ಬಿಟ್ಟುಹೋಯ್ತು. ಸ್ವಿಚ್ಚಿಗೆ ನಾವು ಲಾಗಿನ್ ಆಗೋ ದಾರಿಯೂ ಅದೇ ಟ್ರಂಕಿನ ಮೇಲಿತ್ತು. ನಾನು ಫೋನಿನಲ್ಲಿದ್ದೆ. "ಸಾರ್, ಚೆಕ್‌ಪಾಯಿಂಟ್ ತಗೊಂಡಿದೀನಿ ಸಾರ್" ಅಂತ ಮೂರು ಸಲ ಹೇಳಿದ. ತಗೊಂಡಿದ್ದ, ನಿಜ. ಆದ್ರೆ ಕೀಲಿಕೈ ಒಳಗೇ ಬಿಟ್ಟು ಬಾಗಿಲು ಎಳ್ಕೊಂಡ ಹಾಗಾಗಿತ್ತು. ಕನ್ಸೋಲಿಗೆ ದೂರದಿಂದ ಹೋಗೋ ವ್ಯವಸ್ಥೆಯೇ ಅಲ್ಲಿರಲಿಲ್ಲ. ಯಾರಾದ್ರೂ ಹೋಗಿ ಕೇಬಲ್ ಚುಚ್ಚಬೇಕು. ಅನುಮತಿ ಪತ್ರ ಇಲ್ಲದೆ ಸೆಕ್ಯುರಿಟಿಯವರು ಒಳಗೆ ಬಿಡಲ್ಲ. ಅವರ ಕೆಲಸ ಅವರು ಮಾಡಿದ್ರು. ಎರಡು ಗಂಟೆ ಹೋಯ್ತು. ಕೇಬಲ್ ಸಿಕ್ಕ ಮೇಲೆ ರೋಲ್‌ಬ್ಯಾಕ್ ಆಗೋಕೆ ಒಂದು ನಿಮಿಷವೂ ಬೇಕಾಗಲಿಲ್ಲ.

ಮರುದಿನದ ವಿಚಾರಣೆಯಲ್ಲಿ ಎಲ್ರೂ ಕೇಳಿದ್ದು ಒಂದೇ, ಟೈಪ್ ಮಾಡಿದ್ದು ಯಾರು? ಆ ಕೆಲಸದ ಫಾರಂಗೆ ಐದು ಜನ ಒಪ್ಪಿಗೆ ಕೊಟ್ಟಿದ್ರು. ರೋಲ್‌ಬ್ಯಾಕ್ ಯೋಜನೆ ಅನ್ನೋ ಖಾನೆಯಲ್ಲಿ 'ಹಳೆಯ ಕಾನ್ಫಿಗ್ ಹಾಕುವುದು' ಅಂತ ಒಂದೇ ಸಾಲು. ಹೇಗೆ, ಯಾವ ದಾರಿಯಿಂದ ಅಂತ ಐವರಲ್ಲಿ ಒಬ್ಬರೂ ಕೇಳಿರಲಿಲ್ಲ. ಹುಡುಗನಿಗೆ ಆ ವರ್ಷ ಬಡ್ತಿ ಸಿಗಲಿಲ್ಲ. ನನಗೆ ಇವತ್ತಿಗೂ ಅದು ಸರಿ ಅನ್ನಿಸಿಲ್ಲ.

ಜೂನಿಪರ್‌ನವರು ಇದಕ್ಕೆ ಒಳ್ಳೇ ಉಪಾಯ ಮಾಡಿದಾರೆ. ಅಲ್ಲಿ 'ಕಮಿಟ್' ಅನ್ನೋ ತನಕ ಬದಲಾವಣೆ ಜಾರಿಗೆ ಬರಲ್ಲ. 'ಕಮಿಟ್ ಕನ್ಫರ್ಮ್ಡ್' ಅಂದ್ರೆ ಜಾರಿಯೇನೋ ಆಗುತ್ತೆ, ಆದ್ರೆ ಹತ್ತು ನಿಮಿಷದೊಳಗೆ ನೀವು ಮತ್ತೆ ಹೂಂ ಅನ್ನಬೇಕು. ಅನ್ನದಿದ್ರೆ ತಾನಾಗೇ ಹಳೇದಕ್ಕೆ. ನೀವು ಹೊರಗೆ ಸಿಕ್ಕಿಹಾಕ್ಕೊಂಡ್ರೂ ಚಿಂತೆಯಿಲ್ಲ, ಟೀ ಕುಡಿದು ಬರಬಹುದು. ಅರಿಸ್ಟಾದಲ್ಲೂ ಟೈಮರ್ ಇಟ್ಟು ಕಮಿಟ್ ಮಾಡಬಹುದು. ಇದ್ಯಾವುದೂ ಇಲ್ಲದ ಹಳೇ ಸಿಸ್ಕೋ ಪೆಟ್ಟಿಗೆಗಳಲ್ಲಿ ಹಿರಿಯರು ಮೊದಲು 'ರೀಲೋಡ್ ಇನ್ 10' ಅಂತ ಹೊಡೆದು ಕೆಲಸ ಶುರು ಮಾಡ್ತಿದ್ರು. ಎಡವಟ್ಟಾದ್ರೆ ಹತ್ತು ನಿಮಿಷಕ್ಕೆ ಪೆಟ್ಟಿಗೆ ತಾನೇ ರೀಬೂಟ್ ಆಗಿ, ಸೇವ್ ಆಗಿದ್ದ ಹಳೇ ಕಾನ್ಫಿಗ್ ಜತೆ ಏಳುತ್ತೆ. ಒರಟು ವಿದ್ಯೆ, ಆದ್ರೆ ಎಷ್ಟೋ ಜನರ ಮಾನ ಉಳಿಸಿದೆ.

ಇದು ಸಣ್ಣವರ ಪಾಡು ಮಾತ್ರ ಅಂತಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ಮಲಗಿದ್ವಲ್ಲ, ಅದೂ ನಿರ್ವಹಣೆಯ ವೇಳೆ ಕೊಟ್ಟ ಒಂದು ಆಜ್ಞೆಯಿಂದಲೇ. ಬೆನ್ನೆಲುಬಿನಂಥ ನೆಟ್‌ವರ್ಕೇ ಕಡಿದುಹೋಯ್ತು. ಅಂಥ ಆಜ್ಞೆಯನ್ನ ತಡೀಬೇಕಿದ್ದ ತಪಾಸಣೆಯ ಸಾಧನದಲ್ಲೇ ದೋಷ ಇತ್ತು. ಡಿಎನ್‌ಎಸ್ ಇಲ್ಲದೆ ಒಳಗಿನ ಸಾಧನಗಳೂ ಕೈಕೊಟ್ಟವು. ಎಂಜಿನಿಯರುಗಳು ಖುದ್ದಾಗಿ ಡೇಟಾ ಸೆಂಟರಿಗೆ ಹೋಗಬೇಕಾಯ್ತು, ಅಲ್ಲಿ ಒಳಗೆ ಹೋಗೋದೂ ಬೇಕಂತಲೇ ಕಷ್ಟ ಮಾಡಿಟ್ಟದ್ದು. ಸಂಪರ್ಕ ಬಂದ ಮೇಲೂ ಎಲ್ಲ ಸೇವೆಗಳನ್ನ ಒಟ್ಟಿಗೆ ಎಬ್ಬಿಸೋ ಹಾಗಿರಲಿಲ್ಲ. ವಿದ್ಯುತ್ ಬಳಕೆ ಒಮ್ಮೆಲೇ ಜಿಗಿದರೆ ಮತ್ತೊಂದು ಅನಾಹುತ.

ಆ ಹುಡುಗ ಈಗ ಬೇರೆ ಕಡೆ ಇದಾನೆ. ಫಾರಂಗಳಿಗೆ ಒಪ್ಪಿಗೆ ಕೊಡೋ ಐವರಲ್ಲಿ ಅಲ್ಲಿ ಅವನೂ ಒಬ್ಬ. ರೋಲ್‌ಬ್ಯಾಕ್ ಖಾನೆಯಲ್ಲಿ ಒಂದೇ ಸಾಲಿದ್ರೆ ವಾಪಸ್ ಕಳಿಸ್ತಾನಂತೆ, ಪಕ್ಕದಲ್ಲಿ ಒಂದು ಪ್ರಶ್ನೆ ಬರೆದು: ಆ ರಾತ್ರಿ ರ್‍ಯಾಕಿನ ಹತ್ತಿರ ಯಾರಿರ್ತಾರೆ, ಅವರ ನಂಬರೇನು?