ಟುವಾಲು

ವೆಬ್‌ಸೈಟ್ ವಿಳಾಸಗಳ ಕೊನೆಯಲ್ಲಿ ಬರುವ ‘ಡಾಟ್ ಟಿವಿ’ಗೂ ಟೆಲಿವಿಷನ್‌ಗೂ ಸಂಬಂಧವಿಲ್ಲ. ಅದು ಟುವಾಲು ಎಂಬ ದೇಶದ ಗುರುತು. ಅದರ ಬೆನ್ನು ಹತ್ತಿ ಓದುತ್ತಾ ಹೋದವನಿಗೆ ಈಗ ಆ ದೇಶ ತಲೆಯಿಂದ ಇಳಿಯುತ್ತಿಲ್ಲ.

ಪೆಸಿಫಿಕ್ ಸಾಗರದಲ್ಲಿ ಒಂಬತ್ತು ದ್ವೀಪಗಳು. ಎಲ್ಲ ಸೇರಿದರೂ 26 ಚದರ ಕಿಲೋಮೀಟರ್. ಜನ ಹತ್ತು-ಹನ್ನೊಂದು ಸಾವಿರ, ನಮ್ಮ ಒಂದು ಹೋಬಳಿಯಷ್ಟೂ ಇಲ್ಲ. 1978ರಲ್ಲಿ ಬ್ರಿಟನ್‌ನಿಂದ ಸ್ವತಂತ್ರವಾಯಿತು. 2000ದಲ್ಲಿ ವಿಶ್ವಸಂಸ್ಥೆ ಸೇರುವ ಖರ್ಚಿಗೆ ಒದಗಿದ್ದು ಆ ‘ಡಾಟ್ ಟಿವಿ’ಯನ್ನು ಗುತ್ತಿಗೆ ಕೊಟ್ಟು ಬಂದ ದುಡ್ಡೇ! ರಾಜಧಾನಿ ಫುನಾಫುಟಿಯಲ್ಲಿ ವಿಮಾನ ಬರದ ಹೊತ್ತಿನಲ್ಲಿ ರನ್‌ವೇಯೇ ಊರಿನ ಆಟದ ಮೈದಾನ. ವಿಮಾನ ಬರುವಾಗ ಸೈರನ್ ಕೂಗುತ್ತದೆ, ಎಲ್ಲರೂ ಪಕ್ಕಕ್ಕೆ ಸರಿಯುತ್ತಾರೆ. ಎಷ್ಟು ಚೆಂದದ ಏರ್ಪಾಡು!

ಆದರೆ ನೆಲದ ಬಹುಪಾಲು ಸಮುದ್ರಮಟ್ಟಕ್ಕಿಂತ ಮೂರು ಮೀಟರ್ ಕೂಡ ಎತ್ತರವಿಲ್ಲ. ಗುಂಡಿ ತೋಡಿ ಬೆಳೆಯುವ ಪುಲಾಕಾ (ನಮ್ಮ ಕೆಸುವಿನ ಬಳಗದ ಗೆಡ್ಡೆ) ಅಡಿಯಿಂದ ಜಿನುಗುವ ಉಪ್ಪುನೀರಿಗೆ ಕೊಳೆಯುತ್ತಿದೆ. ವರ್ಷಕ್ಕೆ 280 ಮಂದಿ ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಬಹುದೆಂದು 2023ರಲ್ಲಿ ಒಪ್ಪಂದವಾಯಿತು. 2025ರಲ್ಲಿ ಮೊದಲ ಬಾರಿ ಅರ್ಜಿ ಕರೆದಾಗ ದೇಶದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನ ಹೆಸರು ಕೊಟ್ಟರು. ಸಮುದ್ರವನ್ನು ಹೀಗೆ ಏರಿಸುತ್ತಿರುವ ಇಂಗಾಲದ ಹೊಗೆ ಉಗುಳುವುದರಲ್ಲಿ ಇವರ ಪಾಲು ಲೆಕ್ಕಕ್ಕೇ ಬಾರದಷ್ಟು. ಇದು ಅನ್ಯಾಯ, ಬೇರೆ ಮಾತಿಲ್ಲ.

ಅದೇ 2023ರಲ್ಲಿ ಅವರು ಸಂವಿಧಾನಕ್ಕೂ ತಿದ್ದುಪಡಿ ತಂದರು: ನೆಲ ಮುಳುಗಿದರೂ ಟುವಾಲು ದೇಶವಾಗಿಯೇ ಉಳಿಯುತ್ತದೆ ಎಂದು.