ನೀರಿಗೆ ಲೆಕ್ಕ ಬರೆದ ಊರು

ಅಹಮದನಗರದ ಹೆಸರು ಕೇಳಿದೊಡನೆ ಕನ್ನಡಿಗರ ಮನಸ್ಸಿನಲ್ಲಿ ಮೂಡುವುದು ಚಾಂದ್ ಬೀಬಿಯ ಚಿತ್ರ. ಆ ಊರಿನ ನಿಜಾಮಶಾಹಿ ಮನೆತನದಲ್ಲಿ ಹುಟ್ಟಿ, ಬಿಜಾಪುರದ ಅಲಿ ಆದಿಲಶಹನ ಕೈಹಿಡಿದು, ವೈಧವ್ಯದ ಕಾಲದಲ್ಲಿ ತವರಿನ ರಕ್ಷಣೆಗೆ ನಿಂತು, 1595ರಲ್ಲಿ ಮೊಗಲರ ಮುತ್ತಿಗೆಯನ್ನು ಎದುರಿಸಿದ ವೀರರಾಣಿ ಅವಳು. ಅವಳು ಕಾಯ್ದ ಆ ಕೋಟೆಗೇ 1942ರಲ್ಲಿ ಬಂದಿಯಾಗಿ ಬಂದ ಜವಾಹರಲಾಲ್ ನೆಹರೂ ಅವರು ಅಲ್ಲಿ ಕುಳಿತು ಭಾರತದ ಇತಿಹಾಸವನ್ನು ಕುರಿತ ಹಿರಿಯ ಗ್ರಂಥವೊಂದನ್ನು ಬರೆದರು. 2024ರಲ್ಲಿ ನಗರಕ್ಕೆ ಅಹಿಲ್ಯಾನಗರವೆಂಬ ಹೆಸರು ಬಂದಿದೆ. ಆದರೆ ದೂರದೂರದಿಂದ ಈ ಕಡೆಗೆ ಬರುವ ಪ್ರವಾಸಿಗರಲ್ಲಿ ಹಲವರು ಕೋಟೆಯನ್ನು ಕೇಳುವುದಿಲ್ಲ; ನಗರದಿಂದ ಸುಮಾರು 17 ಕಿಲೋಮೀಟರ್ ದೂರದಲ್ಲಿರುವ ಹಿವರೆ ಬಜಾರ್ ಎಂಬ ಹಳ್ಳಿಯ ದಾರಿಯನ್ನು ಕೇಳುತ್ತಾರೆ.

ಹೆಸರಿನಲ್ಲಿ ಬಜಾರಿದ್ದರೂ ಇಲ್ಲಿ ಕೊಳ್ಳುವ ಸರಕೇನೂ ಇಲ್ಲ. ಸುತ್ತ ಬೋಳು ಗುಡ್ಡಗಳ ನಾಡು. ಸಹ್ಯಾದ್ರಿಯ ಶಿಖರಗಳು ಮುಂಗಾರಿನ ಮೋಡಗಳನ್ನು ತಡೆದು ತಮ್ಮ ಪಶ್ಚಿಮಕ್ಕೇ ಬಸಿದುಕೊಳ್ಳುವುದರಿಂದ ಇಲ್ಲಿ ಬೀಳುವ ಮಳೆ ವರ್ಷಕ್ಕೆ ಸುಮಾರು 400 ಮಿಲಿಮೀಟರ್ ಮಾತ್ರ. ಅದೂ ಒಂದು ವರ್ಷ ಉಂಟು, ಇನ್ನೊಂದು ವರ್ಷ ಇಲ್ಲ. ಸಜ್ಜೆ, ಜೋಳ, ಒಣಗಿದ ಹಳ್ಳ, ಬೇಸಗೆಯಲ್ಲಿ ಗುಳೆ: ಗದಗ, ಬಾಗಲಕೋಟೆ, ವಿಜಯಪುರಗಳ ರೈತನಿಗೆ ಈ ನೆಲದ ಕಷ್ಟವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

1972ರ ಭೀಕರ ಬರವು ಹಿವರೆ ಬಜಾರಿನ ಬೆನ್ನುಮೂಳೆಯನ್ನೇ ಮುರಿಯಿತು. ಬಾವಿಗಳು ಬತ್ತಿದವು, ಗುಡ್ಡದ ಮರಗಳು ಸೌದೆಯಾದವು, ದುಡಿಯಬಲ್ಲವರು ಮುಂಬಯಿ, ಪುಣೆಗಳ ದಾರಿ ಹಿಡಿದರು. ಉಳಿದವರಲ್ಲಿ ಕೆಲವರಿಗೆ ಕಳ್ಳಭಟ್ಟಿಯೇ ಜೀವನೋಪಾಯವಾಯಿತು. ಸಣ್ಣ ಊರಿನಲ್ಲಿ 22 ಭಟ್ಟಿಗಳಿದ್ದುವೆಂದರೆ ಅಲ್ಲಿನ ಸಂಜೆಗಳು ಹೇಗಿದ್ದಿರಬೇಕೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಈ ಊರಿಗೆ ವರ್ಗವಾಗುವುದೆಂದರೆ ಸರಕಾರಿ ನೌಕರರಿಗೆ ಶಿಕ್ಷೆಯೆನಿಸಿತ್ತು.

1989ರಲ್ಲಿ ಊರಿನ ತರುಣರು ಕೂಡಿ, ಊರಿನಲ್ಲೇ ಹೆಚ್ಚು ಓದಿದವರಾಗಿದ್ದ ಪೋಪಟರಾವ್ ಪವಾರ್ ಎಂಬ ವಾಣಿಜ್ಯ ಪದವೀಧರರನ್ನು ಸರಪಂಚರನ್ನಾಗಿ ಆರಿಸಿದರು. ಮೊದಲು ಕೈಗೆತ್ತಿಕೊಂಡದ್ದು ಶಾಲೆಯ ಕೆಲಸ; ನೀರಿನ ಮಾತು ಆಮೇಲೆ ಬಂದಿತು. ಮುಂದೆ ಗ್ರಾಮಸಭೆಯು ಕೆಲವು ಕಟ್ಟುಗಳನ್ನು ಒಪ್ಪಿಕೊಂಡಿತು: ಮರಕ್ಕೆ ಕೊಡಲಿಯಿಡಬಾರದು, ಗುಡ್ಡದಲ್ಲಿ ದನಕರುಗಳನ್ನು ಸ್ವೇಚ್ಛೆಯಾಗಿ ಮೇಯಲು ಬಿಡಬಾರದು, ಮದ್ಯ ಕೂಡದು, ಸಂಸಾರ ಮಿತವಾಗಿರಬೇಕು, ಪ್ರತಿಯೊಬ್ಬರೂ ಶ್ರಮದಾನ ಮಾಡಬೇಕು. ಭಟ್ಟಿಯವರನ್ನು ಬರಿಯ ಬೆದರಿಕೆಯಿಂದ ಬಿಡಿಸಲಿಲ್ಲ. ಬೇರೆ ಕಸುಬು ಹಿಡಿಯಲೆಂದು ಬ್ಯಾಂಕಿನ ಸಾಲ ಕೊಡಿಸಲಾಯಿತು.

ಇಲ್ಲಿಯವರೆಗಿನದು ಊರಿನ ಸಂಕಲ್ಪ. ಆದರೆ ಸಂಕಲ್ಪವೊಂದರಿಂದಲೇ ಗುಡ್ಡವನ್ನು ಅಗೆಯಲಾಗದು. ಕೂಲಿಯ ಹಣ ಬಂದುದು ಸರಕಾರದ ಯೋಜನೆಗಳಿಂದ. ಮಹಾರಾಷ್ಟ್ರ ಸರಕಾರದ ಉದ್ಯೋಗ ಖಾತರಿ ಯೋಜನೆಯು 1970ರ ದಶಕದ ಬರಗಾಲದಲ್ಲಿ ರೂಪುಗೊಂಡು, 1977ರಲ್ಲಿ ಕಾಯ್ದೆಯ ಆಧಾರವನ್ನು ಪಡೆಯಿತು. ಬಡವನು ಕೆಲಸವನ್ನು ಭಿಕ್ಷೆಯಂತಲ್ಲ, ಹಕ್ಕಿನಂತೆ ಕೇಳಬಹುದೆಂಬುದು ಅದರ ತಿರುಳು. ಅದಕ್ಕೆ ಬೇಕಾದ ಹಣದ ಬಹುಭಾಗವನ್ನು ಒದಗಿಸಿದುದು ವೃತ್ತಿ ತೆರಿಗೆ ಮೊದಲಾದ ವಿಶೇಷ ಕರಗಳು, ಅವುಗಳಿಗೆ ಸರಕಾರ ಸೇರಿಸಿದ ಪಾಲು. ಪ್ರತಿ ತಿಂಗಳೂ ಸಂಬಳದ ಚೀಟಿಯಲ್ಲಿ ಆ ತೆರಿಗೆಯ ಅಂಕಿಯನ್ನು ಕಂಡು ಹುಬ್ಬು ಗಂಟಿಕ್ಕುವ ಕುಟುಂಬಗಳಿಗೆ ಈ ಸಂಗತಿಯು ಸ್ವಾರಸ್ಯವೆನಿಸೀತು. ಮುಂಬಯಿಯ ಗುಮಾಸ್ತನು ಕಾಣದೆಯೇ ಕಟ್ಟಿದ ಹಣವು ಬರಪೀಡಿತ ಹಳ್ಳಿಯ ಗುದ್ದಲಿಗೆ ಕೂಲಿಯಾಯಿತು. 2005ರಲ್ಲಿ ದೇಶಕ್ಕೆಲ್ಲ ಬಂದ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಗೂ ಮೇಲ್ಪಂಕ್ತಿಯಾದುದು ಈ ಯೋಜನೆಯೇ.

1990ರ ದಶಕದಲ್ಲಿ ‘ಆದರ್ಶ ಗಾಂವ್’ ಯೋಜನೆಯೂ ಕೂಡಿಕೊಂಡಿತು. ಗುಡ್ಡಗಳ ಇಳಿಜಾರಿಗೆ ಅಡ್ಡಲಾಗಿ ಸುಮಾರು 40,000 ಕಂದಕಗಳನ್ನು ತೋಡಲಾಯಿತು. ಓಡುವ ನೀರು ನಡೆಯಿತು, ನಡೆಯುವ ನೀರು ನಿಂತಿತು, ನಿಂತ ನೀರು ನೆಲಕ್ಕಿಳಿಯಿತು. ಮೇವು ಚಿಗುರಿತು, ಗೊತ್ತುಪಡಿಸಿದ ಶುಲ್ಕ ಕೊಟ್ಟವರು ಅದನ್ನು ಕುಡುಗೋಲಿನಿಂದ ಕೊಯ್ದು ತರಬಹುದು, ದನಗಳನ್ನು ನುಗ್ಗಿಸುವಂತಿಲ್ಲ. 1990ರ ದಶಕದ ನಡುವೆ ದಿನಕ್ಕೆ ಸುಮಾರು 150 ಲೀಟರಿದ್ದ ಹಾಲು ಮುಂದೆ 3,000 ಲೀಟರನ್ನು ಮೀರಿತು. ಗುಳೆ ಹೋದ ಹಲವು ಸಂಸಾರಗಳು ಗಂಟುಮೂಟೆ ಕಟ್ಟಿಕೊಂಡು ಮರಳಿ ಬಂದವು.

ಹಿವರೆ ಬಜಾರಿನ ನಿಜವಾದ ಹಿರಿಮೆ ನೀರು ದೊರೆತ ಮೇಲೆ ತೋರಿದ ವಿವೇಕದಲ್ಲಿದೆ. ನೀರು ಬಂದ ಊರಿನಲ್ಲಿ ಕಬ್ಬು ಬರುತ್ತದೆ, ಕಬ್ಬಿನ ಹಿಂದೆ ಕೊಳವೆಬಾವಿ ಬರುತ್ತದೆ, ಹತ್ತು ವರ್ಷಗಳಲ್ಲಿ ನೀರು ಹೋಗುತ್ತದೆ. ದಖ್ಖನದಲ್ಲಿ ಎಷ್ಟೋ ಊರುಗಳ ಕತೆ ಇದು. ಇಲ್ಲಿ ನೀರಾವರಿಗೆ ಕೊಳವೆಬಾವಿ ನಿಷಿದ್ಧ. ಕಬ್ಬಿಗೂ ಬಾಳೆಗೂ ಎಡೆಯಿಲ್ಲ. ಬಿದ್ದ ಮಳೆಯನ್ನೂ ಬಾವಿಗಳ ಮಟ್ಟವನ್ನೂ ಅಳೆದು, ಗ್ರಾಮಸಭೆಯ ಮುಂದೆ ಪ್ರತಿ ವರ್ಷವೂ ನೀರಿನ ಆಯವ್ಯಯವನ್ನು ಮಂಡಿಸುತ್ತಾರೆ. ಮನುಷ್ಯರಿಗೂ ಜಾನುವಾರುಗಳಿಗೂ ಕುಡಿಯುವ ನೀರನ್ನು ಮೊದಲು ಎತ್ತಿಡುತ್ತಾರೆ. ಮಿಕ್ಕುದರಲ್ಲಿ ಬೇಸಾಯದ ಪಾಲನ್ನು ನಿರ್ಧರಿಸುತ್ತಾರೆ. ಮಳೆ ಕಡಮೆಯಾದ ವರ್ಷ ಹಿಂಗಾರಿ ಬೆಳೆಯನ್ನೂ ಕಡಮೆ ಮಾಡುತ್ತಾರೆ. ಮನೆಯ ಯಜಮಾನಿಯು ತಿಂಗಳ ಮೊದಲಲ್ಲಿ ಅಕ್ಕಿಬೇಳೆಗೆ ಎತ್ತಿಟ್ಟು, ಆಮೇಲೆ ಉಳಿದ ಖರ್ಚನ್ನು ಯೋಚಿಸುವಳಲ್ಲವೆ? ಇದೂ ಹಾಗೆಯೇ.

ಈ ಕಟ್ಟುಗಳ ಭಾರ ಎಲ್ಲರ ಮೇಲೂ ಸಮನಾಗಿ ಬಿದ್ದಿತೆನ್ನಲಾಗದು. ಗುಡ್ಡ ಮುಚ್ಚಿದಾಗ ನೋವಾದುದು ಕುರಿ, ಮೇಕೆಗಳನ್ನೇ ನಂಬಿದ್ದವನಿಗೆ. ಹೊಲವಿಲ್ಲದವನಿಗೆ ಬಾವಿಯ ನೀರಿನ ಲಾಭ ಕೂಲಿಯ ರೂಪದಲ್ಲಿ ಮಾತ್ರ ಮುಟ್ಟುವಂತಹದು. ಇದೇ ಯೋಜನೆಗಳು, ಇದೇ ಬಗೆಯ ಹಣ ಬೇರೆ ಅನೇಕ ಹಳ್ಳಿಗಳಿಗೂ ಹೋದವು. ಎಲ್ಲೆಡೆಯೂ ಈ ಫಲ ಕಾಣಲಿಲ್ಲ. ಕಂದಕವನ್ನು ಸರಕಾರ ತೋಡಿಸಬಹುದು. ನೆರೆಯವನ ಹೊಲದಲ್ಲಿ ಕೊಳವೆಬಾವಿ ಕೊರೆಯುವ ಯಂತ್ರ ಬಂದು ನಿಂತಾಗ ‘ಬೇಡಪ್ಪಾ’ ಎನ್ನುವ ಬಲವು ಊರಿನೊಳಗಿಂದಲೇ ಬರಬೇಕು.

ಪವಾರರಿಗೆ 2020ರಲ್ಲಿ ಪದ್ಮಶ್ರೀ ಪ್ರಶಸ್ತಿ ಘೋಷಿತವಾಯಿತು. ಶಿರಡಿಗೋ ಶನಿ ಶಿಂಗಣಾಪುರಕ್ಕೋ ಹೊರಟ ಕನ್ನಡ ಕುಟುಂಬಗಳು ಒಂದು ಬೆಳಗನ್ನು ಈ ಹಳ್ಳಿಗೆ ಮೀಸಲಿಟ್ಟರೆ ನಷ್ಟವಿಲ್ಲ. ಮಕ್ಕಳಿಗೆ ತೋರಿಸಲು ಇಲ್ಲಿ ಗೋಪುರವಿಲ್ಲ, ಗುಮ್ಮಟವಿಲ್ಲ. ಬಾವಿಯ ಕಟ್ಟೆಯ ಮೇಲೆ ನಿಂತು ಒಳಗೆ ಇಣುಕಿದರೆ ಕೈಗೆಟುಕುವಷ್ಟು ಸಮೀಪದಲ್ಲಿ ನೀರು ಕಂಡೀತು. ಆ ನೀರು ಎಲ್ಲಿಂದ ಬಂದಿತೆಂದು ಮಕ್ಕಳು ಕೇಳಿದರೆ, ಎದುರಿನ ಗುಡ್ಡವನ್ನು ತೋರಿಸಿದರಾಯಿತು.