ಹುನರ್‌ಗೆ ಬೇಕಾದ ಆಸರೆ

ಉರ್ದು ಶಾಲೆಯಲ್ಲಿ ನಾವು ಕಲಿತ 'ಹುನರ್' ಎಂಬ ಪದಕ್ಕೆ ಕಸುಬಿನ ಜಾಣ್ಮೆ ಎಂಬ ಅರ್ಥವಿದೆ. ಅದೇ ಪದ ಕನ್ನಡಕ್ಕೆ ಬಂದು 'ಹುನ್ನಾರ'ವಾಗಿ, ಒಳಸಂಚು ಎಂಬ ಅರ್ಥ ಪಡೆಯಿತು. ರೈತನ ಹುನರ್‌ಗೂ ನಮ್ಮಲ್ಲಿ ತಕ್ಕ ಗೌರವ ಸಿಕ್ಕಿಲ್ಲ. ಸಂಶೋಧನೆ ಪದವೀಧರರದು, ದುಡಿಮೆ ಮಾತ್ರ ರೈತನದು ಎಂಬ ನಂಬಿಕೆ ಓದು ಬಲ್ಲವರಲ್ಲಿ ಬೇರೂರಿದೆ.

ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರ ಬದುಕು ಈ ನಂಬಿಕೆಯನ್ನು ಸುಳ್ಳಾಗಿಸುತ್ತದೆ. ಯೌವನದಲ್ಲಿ ಅವರಿಗೆ ಬೆಳಿಗ್ಗೆ ಬೇಗ ಏಳುವುದೇ ಕಷ್ಟವಾಗಿತ್ತಂತೆ. ಗಡಿಯಾರದ ಕೀಲಿಗೆ ದಾರ ಕಟ್ಟಿ, ಅಲಾರಾಂ ಹೊಡೆದಾಗ ಮುಖದ ಮೇಲೆ ನೀರು ಬೀಳುವ ಉಪಾಯ ಹೂಡಿದರು. ಮುಂದೆ ಅದೇ ಬುದ್ಧಿ ಹೊಲಕ್ಕಿಳಿಯಿತು. ಹುಣಸೆ ಬೆಳೆದಾಗ ಹಣ್ಣಿನಿಂದ ಬೀಜ ಬೇರ್ಪಡಿಸುವ ಯಂತ್ರ ಮಾಡಿದರು. ಬೀಜ, ಗೊಬ್ಬರ ಎರಡನ್ನೂ ಒಟ್ಟಿಗೆ ಬಿತ್ತುವ ಕೂರಿಗೆ ಮಾಡಿದರು. 2022ರಲ್ಲಿ ಪದ್ಮಶ್ರೀ ಅವರ ಪಾಲಿಗೆ ಬಂತು.

ಕೂರಿಗೆಯ ಬೆಲೆ ಎರೆ ಹೊಲದವರಿಗೆ ಗೊತ್ತು. ಮಳೆ ಸುರಿದಾಗ ಎರೆಮಣ್ಣಿನಲ್ಲಿ ಕಾಲಿಡಲಾಗದು. ಒಣಗಿತೆಂದರೆ ಬಿರುಕು ಬಿಡುತ್ತದೆ. ಇವೆರಡರ ನಡುವೆ ಹದ ಸಿಗುವುದು ಕೆಲವೇ ದಿನ. ಮಳೆ ಒಮ್ಮೆಲೇ ಸುರಿದು ವಾರಗಟ್ಟಲೆ ಮುಖ ತೋರಿಸದಿದ್ದಾಗ ಆ ದಿನಗಳನ್ನು ಕಳೆದುಕೊಂಡವನು ಹಂಗಾಮನ್ನೇ ಕಳೆದುಕೊಳ್ಳಬಹುದು. ಬೀಜ ತೇವವಿರುವ ಆಳಕ್ಕೆ ಬೀಳಬೇಕು, ಬೇಗ ಬೀಳಬೇಕು. ಹವಾಮಾನ ಬದಲಾವಣೆಗೆ ಹೊಂದಿಕೊಳ್ಳುವುದೆಂಬ ದೊಡ್ಡ ಮಾತಿಗೆ ಹೊಲದಲ್ಲಿರುವ ಅರ್ಥ ಇದು.

ಆದರೆ ಪ್ರಶಸ್ತಿ ಬರುವುದು ಗೆದ್ದವರಿಗೆ. 2000ದಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನ ಇಂತಹ ಪ್ರತಿಭೆಗಳನ್ನು ಹಳ್ಳಿಹಳ್ಳಿಗಳಲ್ಲಿ ಹುಡುಕಿದೆ. ನಡಕಟ್ಟಿನರಿಗೆ 2015ರಲ್ಲಿ ಜೀವಮಾನ ಸಾಧನೆಯ ಗೌರವ ನೀಡಿತು. ಅದು ಸಂತೋಷವೇ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ಗೆಲ್ಲುವ ಮೊದಲಿನ ವರ್ಷಗಳ ಖರ್ಚು ಯಾರದು?

ಹೊಸ ಸಲಕರಣೆಯೊಂದು ನೆಟ್ಟಗಾಗುವ ಮುನ್ನ ಹಲವು ಸಲ ಕೆಡುತ್ತದೆ. ಪ್ರಯೋಗಾಲಯದಲ್ಲಿ ಕೆಟ್ಟರೆ ವಿಜ್ಞಾನಿಯ ಸಂಬಳ ನಿಲ್ಲುವುದಿಲ್ಲ. ಎರಡು ಎಕರೆಯವನ ಹೊಲದಲ್ಲಿ ಕೆಟ್ಟರೆ ಆ ವರ್ಷದ ಅನ್ನಕ್ಕೇ ಕುತ್ತು. ಹಾಗಾಗಿ ಎಷ್ಟೋ ಯೋಚನೆಗಳು ಮನಸ್ಸಿನಲ್ಲೇ ಉಳಿದುಬಿಡುತ್ತವೆ.

ಆಸರೆ ಬೇಕಿರುವುದು ಇಲ್ಲಿ. ಪ್ರಯೋಗಕ್ಕೆಂದು ಬಿಟ್ಟ ತುಂಡು ಹೊಲದ ನಷ್ಟವನ್ನು ಸರ್ಕಾರವೋ ಸಹಕಾರ ಸಂಘವೋ ತುಂಬಿಕೊಡಲಿ. ಊರಿನ ಕಮ್ಮಾರನಿಗೆ, ವೆಲ್ಡಿಂಗ್ ಅಂಗಡಿಯವನಿಗೆ ಕೊಡಬೇಕಾದ ಸಣ್ಣ ಮೊತ್ತಕ್ಕೆ ಸುಲಭ ಸಾಲ ಸಿಗಲಿ. ಕೃಷಿ ವಿಶ್ವವಿದ್ಯಾಲಯದವರು ಆ ಹೊಲಕ್ಕೇ ಬಂದು ಫಲಿತಾಂಶವನ್ನು ಅಳೆದು ಹೇಳಲಿ. ಕಳೆ ಕೀಳುವ, ಬೀಜ ಕಾಪಿಡುವ ಹೆಂಗಸರನ್ನು ಮೊದಲು ಕೇಳಲಿ. ಯಾವ ಸಲಕರಣೆ ಕೈ ನೋಯಿಸುತ್ತದೆಂದು ಬಲ್ಲವರು ಅವರೇ.

ಶಾಲು, ಹಾರ ಆಮೇಲೆ ಬಂದರೂ ನಡೆದೀತು.